ಹಿಮನಾಡಿನ ಕಾವು, ತೆಂಗಳಿಯ ಒಲೆ

ಬ್ಯಾಕ್ಟೀರಿಯಾ ಬೆಳೆಸುವ ಬಿಸಿ ಪೆಟ್ಟಿಗೆಯ ಬಾಗಿಲು ತೆಗೆಯುವ ಮುಂಚೆ ಅದರ ಮೇಲೆ ಅಂಗೈ ಇಟ್ಟು ನೋಡಿ. ಪಾದರಸ ಏನು ಹೇಳುತ್ತದೆ ಎಂಬುದು ಆಮೇಲಿನ ಮಾತು. ಪ್ರಯೋಗಶಾಲೆಯ ಕೆಲಸಕ್ಕೆ ಹೊಸದಾಗಿ ಸೇರುವ ಮಕ್ಕಳು ಏನಾದರೂ ಹೇಳಿ ಎಂದರೆ ನಾನು ಮೊದಲು ಹೇಳುವುದು ಇದನ್ನೇ. ಅವರು ನಗುತ್ತಾರೆ. ಈಗಿನ ಪೆಟ್ಟಿಗೆಗಳು ಕಾವು ಇಳಿದರೆ ತಾವೇ ಕೂಗುತ್ತವಂತೆ. ನನ್ನ ಕಾಲದ ಪೆಟ್ಟಿಗೆಗೆ ಬಾಯಿ ಇರಲಿಲ್ಲ. ಅದರ ಮಗ್ಗುಲಲ್ಲಿ ಒಬ್ಬ ಮನುಷ್ಯ ಇರಲೇಬೇಕಾಗಿತ್ತು, ಆ ಮನುಷ್ಯ ನಾನಾಗಿದ್ದೆ.

ಯಾವ ವರ್ಷ ಯಾವ ಹುದ್ದೆಗೆ ಏರಿದೆ ಎಂದು ಬರೆಯುವುದಿಲ್ಲ. ನನಗೆ ಮಾತು ಕಲಿಸಿದ ನಮ್ಮ ಮುತ್ಯಾ ಹೇಳುತ್ತಿದ್ದ, ಉಂಡದ್ದನ್ನು ಹೇಳಿದರೆ ಕೇಳುವವನು ಆಕಳಿಸುತ್ತಾನೆ, ಹಸಿದದ್ದನ್ನು ಹೇಳಿದರೆ ಹತ್ತಿರ ಸರಿಯುತ್ತಾನೆ ಅಂತ. ಹಾಗಾಗಿ ಹಸಿದದ್ದನ್ನೇ ಹೇಳುತ್ತೇನೆ.

ನಮ್ಮದು ಚಿತ್ತಾಪುರದ ಕಡೆಯ ತೆಂಗಳಿ. ಮನೆತನದ ಕಸುಬು ತೊಗಲು ಹದ ಮಾಡುವುದು. ಅಪ್ಪ ಅವ್ವ ನನಗೆ ನೆನಪಿಲ್ಲ. ಸಾಕಿದವರು ಕಾಕಾ ಸಾಯಬಣ್ಣ ಮತ್ತು ಅವನ ಹೆಂಡತಿ ಚಿಗವ್ವ. ಕಾಕಾ ಮತ್ತು ನಾನು ಒಂದೇ ತಾಟಿನಲ್ಲಿ ಉಣ್ಣುತ್ತಿದ್ದೆವು. ಜೋಳದ ರೊಟ್ಟಿ, ಪುಂಡಿಪಲ್ಯ, ಅಂಚಿಗೆ ಕೆಂಪು ಮೆಣಸಿನಕಾಯಿ ಅರೆದ ರಂಜಕ. ರೊಟ್ಟಿ ಮುರಿಯುವವನು ಕಾಕಾ. ದೊಡ್ಡ ಚೂರು ಯಾವಾಗಲೂ ನನ್ನ ಕಡೆಗೆ ಬೀಳುತ್ತಿತ್ತು.

ತೊಗಲಿನ ಕೂದಲು ಬಿಡಿಸಬೇಕಾದರೆ ಅದು ಸುಣ್ಣದ ಗುಂಡಿಯಲ್ಲಿ ದಿನಗಟ್ಟಲೆ ನೆನೆಯಬೇಕು, ಗುಂಡಿಗೆ ಕೈಹಾಕಿ ಅದನ್ನು ಮಗುಚುತ್ತಿರಬೇಕು. ಸುಣ್ಣಕ್ಕೆ ಕೂದಲೂ ಒಂದೇ, ಕೈಯೂ ಒಂದೇ. ನಾನು ಚಿತ್ತಾಪುರದ ಹೈಸ್ಕೂಲಿಗೆ ಹೋಗುವಷ್ಟರಲ್ಲಿ ಕಾಕಾನ ಬೆರಳುಗಳು ಬೇಸಿಗೆಯ ಎರೆಹೊಲದ ಹಾಗೆ ಬಿರುಕು ಬಿಟ್ಟಿದ್ದವು. ಖಾರ ತಾಗಿದರೆ ಜೀವ ಹೋಗುತ್ತಿತ್ತು. ಅವನು ತಾಟಿನಿಂದ ಎದ್ದು ಗೋಡೆಯ ಕಡೆ ಮುಖ ಮಾಡಿ ಕೂಡಲು ಶುರುಮಾಡಿದ. ಚಿಗವ್ವ ರೊಟ್ಟಿಯನ್ನು ಮಜ್ಜಿಗೆಯಲ್ಲಿ ನೆನೆಸಿ ಕೊಡುವಳು, ಅವನು ಚಮಚದಿಂದ ಉಣ್ಣುವನು. ಅವನ ಬೆನ್ನನ್ನು ನೋಡುತ್ತ ನಾನು ತಾಟಿನ ಮುಂದೆ ಒಬ್ಬನೇ ಕೂಡುತ್ತಿದ್ದೆ.

ಸರಕಾರ ಶಹಾಬಾದಿನಲ್ಲಿ ಒಂದು ಸಣ್ಣ ಪ್ರಯೋಗಶಾಲೆ ತೆರೆದು, ಹಳ್ಳಿಯ ಚರ್ಮ ಕಸುಬಿಗೆ ಹೊಸ ವಿಧಾನ ಹುಡುಕಲು ಸಹಾಯಕ ಬೇಕು ಎಂದಾಗ ನಾನು ಹಿಂದೆಮುಂದೆ ನೋಡದೆ ಅರ್ಜಿ ಹಾಕಿದ್ದು ಈ ಕಾರಣಕ್ಕೆ. ಕಾಕಾನ ಕೈ ಮತ್ತೆ ತಾಟಿಗೆ ಬರಬೇಕು. ಆ ನೌಕರಿಗೆ ಇದಕ್ಕಿಂತ ದೊಡ್ಡ ಗುರಿ ಇದ್ದಿರಬಹುದು, ನನಗೆ ಇರಲಿಲ್ಲ.

ಹಳಿಯ ಆಚೆ, ಫರಸಿಕಲ್ಲಿನ ಗಣಿಗಳ ಅಂಚಿಗೆ ನಮ್ಮ ಎರಡು ಕೋಣೆಯ ಕಟ್ಟಡ. ಗೋಡೆ, ನೆಲ, ಮಾಡು ಎಲ್ಲವೂ ಅದೇ ಕಲ್ಲು. ಕೆಲಸಗಾರರು ಇಬ್ಬರು, ದೇಸಾಯಿ ಸಾಹೇಬರು ಮತ್ತು ನಾನು. ಸಾಹೇಬರು ಧಾರವಾಡದ ಕಡೆಯವರು. ಬಾಯಲ್ಲಿ ಸದಾ ಒಂದು ಲವಂಗ. ಕೆಲಸ ಚೆನ್ನಾಗಿದ್ದರೆ ‘ಹ್ಞೂಂ’, ಕೆಟ್ಟಿದ್ದರೂ ‘ಹ್ಞೂಂ’. ಯಾವ ಹ್ಞೂಂ ಯಾವುದು ಎಂದು ತಿಳಿಯಲು ನನಗೆ ಬಹಳ ಕಾಲ ಹಿಡಿಯಿತು. ತಿಂಗಳಲ್ಲಿ ಅರ್ಧದಷ್ಟು ದಿನ ಅವರು ಹೈದರಾಬಾದಿನಲ್ಲೋ ಬೆಂಗಳೂರಿನಲ್ಲೋ ಇರುತ್ತಿದ್ದರು. ನಾನು ಊರೊಳಗೆ ಬಾಡಿಗೆ ಕೋಣೆ ಕೇಳಲು ಹೋದೆ. ಹೆಸರು ಕೇಳಿದರು, ಊರು ಕೇಳಿದರು, ಯಾರ ಪೈಕಿ ಎಂದು ಕೇಳಿದರು. ಆಮೇಲೆ ಕೋಣೆ ನಿನ್ನೆಯೇ ಹೋಯಿತು ಎಂದರು. ಮೂರು ನಾಲ್ಕು ಮನೆಗಳ ಕೋಣೆಗಳು ಹೀಗೆ ನಿನ್ನೆಯೇ ಹೋದ ಮೇಲೆ ನಾನು ಪ್ರಯೋಗಶಾಲೆಯ ಹಿಂದಿನ ಕೋಣೆಯಲ್ಲಿ ಚಾಪೆ ಹಾಸಿದೆ. ಒಂದು ಸ್ಟೋವು, ಒಂದು ತಾಟು. ಸಂಜೆ ಗಣಿಯವರು ಮನೆಗೆ ಹೋದರೆ ಮಾತಿಗೆ ರೈಲಿನ ಸಿಳ್ಳು ಬಿಟ್ಟರೆ ಬೇರೆ ಇರಲಿಲ್ಲ.

ನಮ್ಮ ಕೆಲಸದ ಮಾತು ಹೇಳುತ್ತೇನೆ. ಕಿಣ್ವ ಎಂದರೆ ಒಂದು ಜೀವಿ ತನ್ನ ಅನ್ನವನ್ನು ಕರಗಿಸಿಕೊಳ್ಳಲು ಬಿಡುವ ರಸ. ಕೆಲವು ಬ್ಯಾಕ್ಟೀರಿಯಾಗಳ ಕಿಣ್ವ ಕೂದಲಿನ ಬೇರು ಹಿಡಿದಿರುವ ಅಂಟನ್ನು ಕರಗಿಸುತ್ತದೆ. ಅಂಥದ್ದು ಸಿಕ್ಕರೆ ಸುಣ್ಣ ಬೇಡ. ಸಾದಾ ಮಣ್ಣಿನ ಬ್ಯಾಕ್ಟೀರಿಯಾದಿಂದ ಅಂಥ ಒಂದು ಕಿಣ್ವವನ್ನು ನಾವು ಮೊದಲೇ ತೆಗೆದಿದ್ದೆವು. ಕಟ್ಟಡದೊಳಗೆ ಚೆನ್ನಾಗಿ ಕೆಲಸ ಮಾಡಿತು. ಅದನ್ನು ಸೀಸೆಯಲ್ಲಿ ತುಂಬಿಕೊಂಡು ಸುಡುಬೇಸಿಗೆಯಲ್ಲಿ ತೆಂಗಳಿಗೆ ಹೊರಟೆ. ಚಿತ್ತಾಪುರ ದಾಟುವುದರೊಳಗೆ ಬಿರಡೆ ಹಾರಿತು. ಬಸ್ಸಿನ ತುಂಬ ನಾತ. ಕಂಡಕ್ಟರು ಬಂದು, “ಏನ್ರೀ ಇದು, ಸತ್ತ ಹೆಗ್ಗಣಕ್ಕ ಟಿಕೀಟ್ ತಗೊಂಡೀರೇನು?” ಎಂದ. ನಡುದಾರಿಯಲ್ಲಿ ಇಳಿಸಿದ. ನಡೆದು ಮನೆ ಮುಟ್ಟಿದಾಗ ಸೀಸೆಯಲ್ಲಿ ಇದ್ದದ್ದು ಬರೀ ಕೊಳೆತ ನೀರು. ಮಂಜುಗಡ್ಡೆಯಲ್ಲಿ ಇಟ್ಟರೆ ಕೆಡುವುದಿಲ್ಲ, ಖರೆ. ತೆಂಗಳಿಯಲ್ಲಿ ಮಂಜುಗಡ್ಡೆ ಎಲ್ಲಿಂದ ತರುವುದು?

ಸಾಹೇಬರಿಗೆ ಹೇಳಿದೆ. ಲವಂಗವನ್ನು ಆ ದವಡೆಯಿಂದ ಈ ದವಡೆಗೆ ಸರಿಸಿ, ಬಿಸಿಲಿಗೆ ಅಂಜದ ಜೀವಿಯ ಕಿಣ್ವ ಬೇಕು ಎಂದರು. ಅವರ ಜೊತೆ ಓದಿದ ಗೆಳೆಯರೊಬ್ಬರು ಆಗ ಪರದೇಶದ ಹಡಗಿನಲ್ಲಿ ದಕ್ಷಿಣ ಧ್ರುವದ ಕಡೆ ಹೋಗಿದ್ದರು. ಅಲ್ಲಿ ಹಿಮದ ನಡುವೆ ಬೆಂಕಿಯ ಬೆಟ್ಟಗಳಿವೆ. ಕಣ್ಣು ಹಾಯುವವರೆಗೆ ಬರ್ಫ. ನಡುವೆ ಎಲ್ಲೋ ಒಂದು ಸುಗ್ಗಿಯ ಕಣದಷ್ಟು ಜಾಗದಲ್ಲಿ ನೆಲ ಹಬೆಯಾಡುತ್ತದೆ. ಆ ಬಿಸಿ ಮಣ್ಣಿನಲ್ಲಿ ಮಾತ್ರ ಬದುಕುವ ಜೀವಿಗಳು ಇರಬಹುದೆಂದು ಸಾಹೇಬರು ಒಂದು ಚಿಟಿಕೆ ಮಣ್ಣು ಬೇಡಿದ್ದರು.

ಆ ಮಣ್ಣಿಗಾಗಿ ಸಾಹೇಬರು ಪೋಸ್ಟ್‌ಮನ್ ಮೆಹಬೂಬಸಾಬರನ್ನು ದಿನಾ ಕೇಳಿ ಕೇಳಿ, ಹಿಮದ ನಾಡಿನಿಂದ ಏನೋ ಬರುವುದಿದೆ ಎಂದು ಇಡೀ ಪೋಸ್ಟಾಫೀಸಿಗೆ ಗೊತ್ತಾಗಿತ್ತು. ಮೈಸೂರು ರಾಜ್ಯ ಎಂದಿದ್ದ ನಮ್ಮ ಬೋರ್ಡನ್ನು, ಹೆಸರು ಬದಲಾದ ಮುಂದಿನ ಬೇಸಿಗೆಗೆ, ಅಳಿಸಿ ಕರ್ನಾಟಕ ಎಂದು ಬರೆಯುತ್ತಿದ್ದ ದಿನವೇ ಪಾರ್ಸಲು ಬಂತು. ಮುಟ್ಟಿದರೆ ತಣ್ಣಗೆ, ಒದ್ದೆ ಬಟ್ಟೆ ಸುತ್ತಿತ್ತು. ಮೆಹಬೂಬಸಾಬರು ಸಂತೋಷದಿಂದ ಹೇಳಿದರು, “ಬರ್ಫದ ಮುಲ್ಕಿನ ಸಾಮಾನರಿ ಸಾಬ್. ನಿನ್ನಿನೇ ಬಂದಿತ್ತು. ನೀವು ಊರಾಗ ಇದ್ದಿಲ್ಲ. ಬಿಸಿಲು ಬಡೀಬಾರದಂತ ನಮ್ಮ ನೀರಿನ ರಂಜಣಗಿ ಮಗ್ಗಲದಾಗ ಮಲಗಿಸಿದ್ದೆ.”

“ಭಾಳ ಉಪಕಾರ ಆತು,” ಎಂದರು ಸಾಹೇಬರು. “ಆದ್ರ ಅದಕ್ಕ ಚಳಿ ಹತ್ತಿರತದ.”

ಹೊರಗೆ ಕಲ್ಲು ಸಿಡಿಯುವ ಬಿಸಿಲು. ಮೆಹಬೂಬಸಾಬರು ಸಾಹೇಬರ ನೆತ್ತಿಯನ್ನೊಮ್ಮೆ ನೋಡಿ, ನನ್ನ ಕಡೆ ಕಣ್ಣು ಮಾಡಿ ಹೊರಟುಹೋದರು. ನಮ್ಮ ಸೀಮೆಯ ಬಿಸಿಲು ಕೂಡ ಆ ಜೀವಿಗೆ ನಡುಗುವ ಚಳಿ ಎಂಬುದು ನಿಜವೇ ಆಗಿತ್ತು. ಅದಕ್ಕೆ ಬೇಕಾದದ್ದು ಅರವತ್ತೈದು ಡಿಗ್ರಿ. ಈ ಕತೆಯನ್ನು ನಾನು ಊರಿಗೆ ಹೋದಾಗ ಕಾಕಾ ಚಿಗವ್ವರ ಮುಂದೆ ಹೇಳಿ ನಗಿಸಿದ್ದೆ. ಇದನ್ನು ಮರೆಯಬೇಡಿ, ಮುಂದೆ ಬರುತ್ತದೆ.

ಅರವತ್ತೈದು ಡಿಗ್ರಿಯಲ್ಲಿ ಬ್ಯಾಕ್ಟೀರಿಯಾ ಬೆಳೆಸುವುದನ್ನು ನಮಗೆ ಯಾರೂ ಕಲಿಸಿರಲಿಲ್ಲ. ಗಾಜಿನ ಬಟ್ಟಲಲ್ಲಿ ಅಗರ್ ಎಂಬ ಪಾಚಿಯ ಲೋಳೆಯನ್ನು ಹೆಪ್ಪುಗಟ್ಟಿಸಿ ಮಣ್ಣು ಸವರಿ ಪೆಟ್ಟಿಗೆಯಲ್ಲಿ ಇಟ್ಟರೆ ಮರುದಿನ ಒಣಗಿ ಹಪ್ಪಳ. ನೀರಿನ ಬೋಗುಣಿ ಜೊತೆಗಿಟ್ಟರೆ ಮುಚ್ಚಳದಿಂದ ಹನಿ ತೊಟ್ಟಿಕ್ಕಿ ಬೆಳೆದದ್ದೆಲ್ಲ ಕಲಸಿಹೋಗುವುದು. ಕರೆಂಟು ಹೋದರಂತೂ ಎಲ್ಲಾ ಮುಗಿಯಿತು. ಕಡೆಗೆ ತಗಡಿನ ಡಬ್ಬಿಯೊಳಗೆ ಒದ್ದೆ ಅರಳೆ ಹಾಸಿ, ಬಟ್ಟಲುಗಳನ್ನು ಬೋರಲು ಹಾಕಿ ಇಟ್ಟೆವು. ಪೆಟ್ಟಿಗೆಯ ಸುತ್ತ ನಾನು ಫರಸಿಕಲ್ಲು ಜೋಡಿಸಿದೆ. ಆ ಕಲ್ಲು ಕುಡಿದ ಕಾವನ್ನು ಬೇಗ ಬಿಡುವುದಿಲ್ಲ. ಕರೆಂಟು ಹೋದರೂ ಅರ್ಧ ದಿನ ತಾಳುತ್ತಿತ್ತು. ಅಂಗೈ ಇಟ್ಟು ನೋಡುವ ಅಭ್ಯಾಸ ಆಗ ಹತ್ತಿದ್ದು.

ಎಷ್ಟೋ ಬಟ್ಟಲು ಖಾಲಿ ಹೋದ ಮೇಲೆ ಒಂದು ದಿನ ಒಣಗಿದ ಗಂಜಿಯ ಹನಿಯಂಥ ಚಪ್ಪಟೆ ಚುಕ್ಕೆ ಕಂಡಿತು. ಅದನ್ನು ಹಾಲು ಬೆರೆಸಿದ ಅಗರಿನ ಮೇಲೆ ಇಟ್ಟೆ. ಬೆಳ್ಳಗಿನ ಬಟ್ಟಲಲ್ಲಿ ಚುಕ್ಕೆಯ ಸುತ್ತ ಹಾಲು ಕರಗಿ, ಒಂದು ತಿಳಿಯಾದ ಉಂಗುರ ಮೂಡಿತ್ತು. ಸಾಹೇಬರು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ‘ಹ್ಞೂಂ’ ಎಂದರು. ಆಮೇಲೆ ಜೇಬಿನಿಂದ ಒಂದು ಲವಂಗ ತೆಗೆದು ನನ್ನ ಕೈಯಲ್ಲಿ ಇಟ್ಟರು.

ಸಾಹೇಬರು ಊರಿನಲ್ಲಿ ಇಲ್ಲದ ದಿನಗಳಲ್ಲಿ ನಾನು ಆ ಡಬ್ಬಿಯ ಜೊತೆ ಮಾತಾಡುತ್ತಿದ್ದೆ. ನಿಮ್ಮ ಕಣದಂಥ ಜಾಗದ ಆಚೆಗೆ ಬರೀ ಬರ್ಫ ಅಂತಲ್ಲ, ಅತ್ತ ಹೆಜ್ಜೆ ಇಟ್ಟರೆ ಮುಗೀತಲ್ಲ, ಹೆಂಗ ಇದ್ದಿರಿ ಅಂತ. ಉತ್ತರ ಬೇಕಾಗಿರಲಿಲ್ಲ. ನನ್ನ ಎರಡು ಕೋಣೆಯ ಆಚೆಯೂ ಹಾಗೇ ಇತ್ತು.

ಕಿಣ್ವದ ಸೀಸೆಯನ್ನು ಮಾಡಿನ ಮೇಲೆ ಬಿಸಿಲಿಗಿಟ್ಟು ಬೇಸಿಗೆ ಕಳೆದೆವು. ಕೆಡಲಿಲ್ಲ. ಕಾವಿನಲ್ಲಿ ಹುಟ್ಟಿದ ಜೀವಿಯ ಕಿಣ್ವವೂ ಕಾವಿಗೆ ಗಟ್ಟಿ, ಅದೇ ಅದರ ದೊಡ್ಡ ಗುಣ. ಇನ್ನೇನು ಗೆದ್ದೆವು ಎಂದುಕೊಂಡೆವು. ಅರವತ್ತೈದರಲ್ಲಿ ಅದು ಅತಿ ಚುರುಕು ಎಂದು ಅಷ್ಟೇ ಬಿಸಿಯ ನೀರಿನಲ್ಲಿ ಕಿಣ್ವ ಹಾಕಿ ಆಡಿನ ತೊಗಲಿನ ತುಂಡು ಬಿಟ್ಟೆವು. ತುಂಡು ನಮ್ಮ ಕಣ್ಣೆದುರೇ ಮುದುಡಿ ಸುರುಳಿಯಾಗಿ ಒಣ ಶುಂಠಿಯಂತಾಯಿತು. ಆ ಬಿಸಿಗೆ ಕಿಣ್ವ ಕುಣಿಯುತ್ತದೆ, ತೊಗಲು ಬೇಯುತ್ತದೆ. ಇಬ್ಬರಿಗೂ ಅದು ಮೊದಲೇ ಹೊಳೆದಿರಲಿಲ್ಲ. “ಕಸ ಹೋಗಲಂತ ಮನಿಗೇ ಬೆಂಕಿ ಹಚ್ಚಿದಂಗಾತು ಮರೆಪ್ಪ,” ಎಂದು ಸಾಹೇಬರು ನಕ್ಕರು. ಅವರು ನಕ್ಕದ್ದನ್ನು ನಾನು ನೋಡಿದ್ದು ಕಡಿಮೆ.

ಮತ್ತೆ ಕೆಳಗಿಳಿದೆವು. ಐವತ್ತಕ್ಕೂ ತೊಗಲಿನ ಬಗ್ಗೆ ಧೈರ್ಯ ಬರಲಿಲ್ಲ. ನಲವತ್ತು, ನಲವತ್ತೆರಡಕ್ಕೆ ಕಿಣ್ವ ತೂಕಡಿಸುತ್ತ ಕೆಲಸ ಮಾಡಿತು, ಆದರೆ ಮಾಡಿತು. ಸುಣ್ಣಕ್ಕೆ ವಾರ ಹಿಡಿಯುವಲ್ಲಿ ಇದಕ್ಕೆ ಎರಡು ದಿನ. ನಲವತ್ತೆರಡು ಅಂದರೇನು? ನಮ್ಮ ಊರ ಬಿಸಿಲು. ಗಣಿಯಿಂದ ಒಡಕು ಫರಸಿ ತಂದು ಕಾಕಾನ ಅಂಗಳದಲ್ಲಿ, ನೆರಳು ಬೀಳದ ಕಡೆ, ಒಂದು ತೊಟ್ಟಿ ಕಟ್ಟಿಸಿದೆ.

ಕಾಕಾ ತೊಟ್ಟಿಯ ಸುತ್ತ ಒಂದು ಸುತ್ತು ಬಂದ. “ಇದರಾಗ ಸುಣ್ಣ ಇಲ್ಲಂದ್ರ ಮತ್ತೇನದ?”

“ಹೆಪ್ಪು ಇದ್ದಂಗ ಕಾಕಾ. ಹಾಲು ಮೊಸರಾಗಲಾಕ ಹೆಪ್ಪು ಹಾಕ್ತೀವಲ್ಲ, ಹಂಗ ಇದು ತೊಗಲಿಗೆ. ಕೈ ಮಾತ್ರ ಹಾಕಬ್ಯಾಡ, ಬಡಿಗಿಲಿಂದ ತಿರುವು. ಬಿರಕು ಬಿಟ್ಟ ಚರ್ಮ ಕಂಡ್ರ ಅದನ್ನೂ ತಿಂತದ.”

ಬಾಗಿಲಲ್ಲಿ ನಿಂತು ಚಿಗವ್ವ ಕೇಳಿಸಿಕೊಳ್ಳುತ್ತಿದ್ದಳು. ಮೂರನೆಯ ದಿನ ಕಾಕಾ ತೊಗಲನ್ನು ಎತ್ತಿ ತೊಳೆದು, ಹೆಬ್ಬೆರಳಿಗೆ ಬಟ್ಟೆ ಸುತ್ತಿ ಕೂದಲನ್ನು ಒತ್ತಿದ. ನೆನೆದ ಕಡಲೆಯ ಸಿಪ್ಪೆಯಂತೆ ಜಾರಿತು. ಅವನು ತನ್ನ ಕೈ ಮೂಸಿ ನೋಡಿದ, ಸುಣ್ಣದ ಘಾಟು ಇರಲಿಲ್ಲ. ಆಮೇಲೆ ಆ ಕೈಯನ್ನು ಚಿಗವ್ವನ ಮೂಗಿಗೆ ಹಿಡಿದ.

ಆ ಬೇಸಿಗೆಯಲ್ಲಿ ಬಿರುಕುಗಳು ಮುಚ್ಚತೊಡಗಿದವು. ಮಳೆಗಾಲ ಬಂತು, ತೊಟ್ಟಿ ತಣ್ಣಗಾಯಿತು, ಕಿಣ್ವ ಮಲಗಿತು. ಕಾಕಾ ಮತ್ತೆ ಸುಣ್ಣದ ಗುಂಡಿಗೆ ಇಳಿದ. ಬಿರುಕುಗಳು ಮತ್ತೆ ಬಾಯಿ ತೆರೆದವು. ಮರುವರ್ಷವೂ ಹಾಗೇ. ಬೇಸಿಗೆಯ ಕೊನೆಗೆ ಅವನು ತಾಟಿನ ಕಡೆ ನೋಡುವನು, ರಂಜಕ ನೋಡುವನು, “ಇನ್ನೊಂದೀಟು ಮಾಯಲಿ” ಎನ್ನುವನು. ಅಷ್ಟರಲ್ಲಿ ಮಳೆ.

ಈ ನಡುವೆ ಮೇಲಿನಿಂದ ಒಬ್ಬ ಅಧಿಕಾರಿ ಬಂದರು. ಒಳ್ಳೆಯವರೇ, ಆದರೆ ಅವಸರದವರು. ದಕ್ಷಿಣ ಧ್ರುವದ ಬ್ಯಾಕ್ಟೀರಿಯಾಕ್ಕೂ ಚಿತ್ತಾಪುರ ತಾಲ್ಲೂಕಿಗೂ ಏನು ಸಂಬಂಧ ಎಂದು ಕೇಳಿದರು. ಸಾಹೇಬರು ಬಹಳ ಹೇಳಬಹುದಿತ್ತು. ‘ಹ್ಞೂಂ’ ಎಂದರು. ಘಟಕ ಮುಚ್ಚುವ ಮಾತು ಶುರುವಾಯಿತು. ಆ ಸಲ ಊರಿಗೆ ಹೋದಾಗ, ಬರುವ ಬೇಸಿಗೆಗೆ ಸೀಸೆ ಬರುತ್ತದೋ ಇಲ್ಲವೋ ಎಂದು ಕಾಕಾನಿಗೆ ಹೇಳಿದೆ. ಅವನು ತಲೆ ಆಡಿಸಿದ, ಅಷ್ಟೇ.

ಚಳಿ ಕಳೆದು ಬಿಸಿಲು ಏರುವಾಗ ಕಾಕಾನಿಂದ ಕರೆ ಬಂತು. ಹೋದೆ. ಅಂಗಳದಲ್ಲಿ ನಾತ. ಬಾವಿಯಿಂದ ನೀರೆತ್ತುವ ಮೊಟ್ಟೆಗೆಂದು, ತೊಗಲಿನ ದೊಡ್ಡ ಚೀಲಕ್ಕೆಂದು, ರೈತರೊಬ್ಬರು ಕೊಟ್ಟಿದ್ದ ಎತ್ತಿನ ತೊಗಲು ಕೊಳೆತು, ಮುಟ್ಟಿದರೆ ಒದ್ದೆ ಕಾಗದದಂತೆ ಹರಿಯುತ್ತಿತ್ತು. ಆ ವರ್ಷ ನಾನು ಸೀಸೆ ಕೊಟ್ಟೇ ಇರಲಿಲ್ಲ. ತೊಟ್ಟಿಗೆ ಏನು ಹಾಕಿದಿ ಎಂದರೆ ಕಾಕಾ ಚಿಗವ್ವನ ಮುಖ ನೋಡಿದ, ಚಿಗವ್ವ ಒಲೆಯ ಕಡೆ ನೋಡಿದಳು. ಒಲೆಯ ಮಗ್ಗುಲ ಬೂದಿಯನ್ನು ಸರಿಸಿ ಒಂದು ಗಡಿಗೆ ಎತ್ತಿದಳು.

ಹಿಂದಿನ ಸೀಸೆಯಲ್ಲಿ ಒಂದಿಷ್ಟು ಉಳಿಸಿಕೊಂಡಿದ್ದರಂತೆ. ಹೆಪ್ಪು ಎಂದರೆ ಹೆಪ್ಪು. ಅದಕ್ಕೆ ಆಗಾಗ ಮಜ್ಜಿಗೆ ಹಾಕಿ ಸಾಕಿದ್ದಾರೆ. ಮಜ್ಜಿಗೆಯ ಜೊತೆ ಬಂದ ಸಾದಾ ಸೂಕ್ಷ್ಮಜೀವಿಗಳೆಲ್ಲ ತೊಟ್ಟಿಯ ಹದವಾದ ಬಿಸಿಯಲ್ಲಿ ಹೆಚ್ಚಿ ತೊಗಲನ್ನೇ ತಿಂದುಹಾಕಿದ್ದವು. ಹಾಗಲ್ಲ ಚಿಗವ್ವ ಎಂದು ಬಿಡಿಸಿ ಹೇಳಲು ಹೋದೆ.

“ಬೂದ್ಯಾಗ ಯಾಕ ಇಟ್ಟಿದ್ದಿ?”

“ನೀನೇ ಹೇಳಿದ್ದೆಲ್ಲೋ ತಮ್ಮಾ,” ಎಂದಳು. “ಅದಕ್ಕ ಚಳಿ ಹತ್ತತದ ಅಂತ. ಬಾಣಂತಿ ಕಾಸಿದಂಗ ಕಾಸೀನಿ, ಒಂದ ದಿನ ಆರಗೊಟ್ಟಿಲ್ಲ.”

ನನಗೆ ನಗು ಬಂತು. ನಗಲು ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡೆ. ಗಡಿಗೆಯ ಮೈಗೆ ಅಂಗೈ ಇಟ್ಟು ನೋಡಿದೆ. ಇಟ್ಟ ಕೈ ತೆಗೆಯುವಷ್ಟು ಸುಡುತ್ತಿತ್ತು.

ಆ ನೀರನ್ನು ಒಂದು ನಳಿಕೆಯಲ್ಲಿ ಶಹಾಬಾದಿಗೆ ತಂದೆ. ಘಟಕ ಮುಚ್ಚುವ ಆದೇಶ ಬಂದಾಗಿತ್ತು. ನಾವು ಬೆಳೆಸಿದ ಬ್ಯಾಕ್ಟೀರಿಯಾದ ಬಟ್ಟಲುಗಳ ಒಂದು ಕಟ್ಟು ಬೆಂಗಳೂರಿಗೆ ಹೋಗಿತ್ತು, ಉಳಿದವನ್ನು ನಿಯಮದಂತೆ ಒತ್ತಡದ ಹಬೆಯಲ್ಲಿ ಬೇಯಿಸಿ ಚೆಲ್ಲಿದ್ದೆವು. ಬಿಸಿ ಪೆಟ್ಟಿಗೆಯೊಂದು ಮಾತ್ರ ಇನ್ನೂ ಬಿಚ್ಚಿರಲಿಲ್ಲ. ಹಾಲಿನ ಬಟ್ಟಲಿಗೆ ನಾತದ ನೀರಿನ ಒಂದು ಹನಿ ಸವರಿ ಅರವತ್ತೈದಕ್ಕೆ ಇಟ್ಟೆ. ಆ ಕಾವಿನಲ್ಲಿ ಸಾದಾ ಜೀವಿ ಯಾವುದೂ ಏಳಲಾರದು. ಮರುದಿನ ಬಟ್ಟಲಲ್ಲಿ ಗಂಜಿಯ ಹನಿಯಂಥ ಅದೇ ಚಪ್ಪಟೆ ಚುಕ್ಕೆಗಳು, ಸುತ್ತ ತಿಳಿ ಉಂಗುರಗಳು. ನಾವು ಸೋಸಿದರೂ ಕಿಣ್ವದ ಜೊತೆ ಸೀಸೆಯಲ್ಲಿ ಉಳಿದಿದ್ದ ಜೀವಿ ಚಿಗವ್ವನ ಬೂದಿಯಲ್ಲಿ ಬದುಕಿತ್ತು.

ಸಾಹೇಬರಿಗೆ ತೋರಿಸಿದೆ. ಹ್ಞೂಂ ಕೂಡ ಹೇಳಲಿಲ್ಲ. ತೆಂಗಳಿಗೆ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದರು.

ಅವರು ನಮ್ಮ ಮನೆಯ ನೆಲದ ಮೇಲೆ ಒಲೆಯ ಹತ್ತಿರ ಕುಳಿತರು. ಚಿಗವ್ವ ನೀರು ಕೊಡಲೋ ಬೇಡವೋ ಎಂದು ತಂಬಿಗೆ ಹಿಡಿದು ನಿಂತಿದ್ದಳು. ಅವರು ಕೈ ಚಾಚಿ ತೆಗೆದುಕೊಂಡು ಕುಡಿದರು. ಆಮೇಲೆ ಅವರು ಹೇಳುತ್ತ ಹೋದರು, ನಾನು ನಮ್ಮ ಮಾತಿನಲ್ಲಿ ತಿರುಗಿಸಿ ಹೇಳಿದೆ. ಗಡಿಗೆಯನ್ನು ಒಮ್ಮೆ ಕುದಿಸಿದರೆ ಪರಕೀಯರೆಲ್ಲ ಸಾಯುತ್ತಾರೆ, ಇದರ ಬೀಜ ಮಾತ್ರ ಸಾಯುವುದಿಲ್ಲ. ಮಜ್ಜಿಗೆ ಬೇಡ, ಕುದಿಸಿದ ಶೇಂಗಾ ಹಿಂಡಿಯ ನೀರು ಹಾಕಬೇಕು. ಬೆರಳು ಇಡಲಾರದಷ್ಟು ಬಿಸಿ ಬೂದಿಯಲ್ಲಿ ಇಡಬೇಕು. ಬೇಕಾದಾಗ ಮೇಲಿನ ತಿಳಿ ಮಾತ್ರ ತೊಟ್ಟಿಗೆ. ಚಳಿಗಾಲದಲ್ಲಿ ತೊಟ್ಟಿಗೆ ಎಳೆಕೂಸಿಗೆ ಎರೆಯುವ ನೀರಿಗಿಂತ ಚೂರು ಬಿಸಿ ನೀರು, ಮೇಲೆ ಗೋಣಿಚೀಲ ಮುಚ್ಚಬೇಕು. ಚಿಗವ್ವ ಎಲ್ಲಾ ಕೇಳಿ, ಇಷ್ಟೇ ಏನ್ರಿ ಎಂದಳು. ಎದ್ದು ಹೊರಡುವಾಗ ಸಾಹೇಬರು ಜೇಬಿನಲ್ಲಿದ್ದ ಲವಂಗವನ್ನೆಲ್ಲ ಅವಳ ಕೈಗೆ ಸುರಿದರು. ಆ ಸಂಜೆಯ ಬಸ್ಸಿನಲ್ಲಿ ನಾವು ಶಹಾಬಾದಿಗೆ ಮರಳಿದೆವು. ಅವರು ಧಾರವಾಡಕ್ಕೆ ಹೋದರು. ಆಮೇಲೆ ನಾನು ಅವರನ್ನು ನೋಡಲಿಲ್ಲ.

ನನ್ನನ್ನು ವಾಡಿಯಲ್ಲಿ ನೀರು ಪರೀಕ್ಷಿಸುವ ಕೆಲಸಕ್ಕೆ ಹಾಕಿದರು. ಮತ್ತೆ ಒಂದು ಕೋಣೆ, ಒಂದು ಸ್ಟೋವು, ಒಂದು ತಾಟು. ಉಳಿದ ನೌಕರಿಯೆಲ್ಲ ಹಾಗೇ ಕಳೆಯಿತು, ಅದರಲ್ಲಿ ಹೇಳುವಂಥದ್ದು ಇಲ್ಲ. ಕಡೆಗೆ ಏನಾಯಿತು ಎಂಬುದನ್ನೂ ಇಲ್ಲೇ ಹೇಳಿ ಮುಗಿಸಿಬಿಡುತ್ತೇನೆ. ಬಾವಿಗಳಿಗೆ ಕರೆಂಟಿನ ಪಂಪು ಬಂದವು, ತೊಗಲಿನ ಮೊಟ್ಟೆ ಯಾರಿಗೂ ಬೇಡವಾಯಿತು. ಕಾಕಾ ಕಸುಬು ನಿಲ್ಲಿಸಿದ ಮೇಲೂ ಚಿಗವ್ವ ಗಡಿಗೆಯನ್ನು ಬೂದಿಯಿಂದ ತೆಗೆಯಲಿಲ್ಲ. ಇನ್ನು ಯಾಕೆ ಎಂದು ಕೇಳಿದ್ದೆ. “ಅಷ್ಟು ದೂರದಿಂದ ಬಂದದ,” ಎಂದಿದ್ದಳು. “ನಮ್ಮನ್ನ ಬಿಟ್ರ ಅದಕ್ಕ ಇಲ್ಲಿ ಯಾರದಾರ?” ಅವಳು ತೀರಿಕೊಂಡ ವರ್ಷ ಆ ಒಲೆಯೂ ಆರಿತು. ನನ್ನ ಕೋಣೆಯ ಸ್ಟೋವಿಗೆ ಬೂದಿ ಎಲ್ಲಿಯದು?

ಆದರೆ ನಾನು ಬರೆಯಲು ಕುಳಿತದ್ದು ಅದಕ್ಕಿಂತ ಮುಂಚಿನ ಒಂದು ಮಧ್ಯಾಹ್ನಕ್ಕಾಗಿ. ಸಾಹೇಬರು ಬಂದುಹೋದ ಮೇಲಿನ ಮೊದಲ ಚಳಿಗಾಲ. ಸುಣ್ಣದ ಗುಂಡಿಯಲ್ಲಿ ಎಲೆ ಬಿದ್ದು ಒಣಗಿದ್ದವು. ನಾನು ವಾಡಿಯಿಂದ ಹೋದವನು ಕೈಕಾಲು ತೊಳೆದು ಕುಳಿತೆ. ಚಿಗವ್ವ ನನಗೊಂದು ತಾಟು ಇಟ್ಟಳು. ಕಾಕಾನ ಮಜ್ಜಿಗೆಯ ಬಟ್ಟಲು ಎಲ್ಲಿ ಎಂದು ನೋಡುತ್ತಿದ್ದೆ, ಅದು ಇರಲಿಲ್ಲ. ಕಾಕಾ ಗೋಡೆಯ ಕಡೆ ಹೋಗಲಿಲ್ಲ. ನನ್ನೆದುರು ಕುಳಿತ. ತಾಟನ್ನು ನಡುವೆ ಎಳೆದುಕೊಂಡ. ರೊಟ್ಟಿ ಮುರಿದು, ರಂಜಕದಲ್ಲಿ ಅದ್ದಿ ಬಾಯಿಗೆ ಇಟ್ಟ. ಅವನ ಕಣ್ಣಲ್ಲಿ ನೀರು ತುಂಬಿತು.

ನಾನು ಅವನ ಬೆರಳುಗಳ ಕಡೆ ನೋಡಿದೆ. “ಹತ್ತಿತೇನು ಕಾಕಾ?”

“ಹತ್ತಿತು,” ಎಂದ ಕಾಕಾ, ಅಗಿಯುತ್ತ. “ನಾಲಿಗಿಗಿ.”

ಮುರಿದ ರೊಟ್ಟಿಯ ದೊಡ್ಡ ಚೂರು ನನ್ನ ಕಡೆಗೆ ಇತ್ತು.